ಪ್ರವಾಸ ಪ್ರಶ್ನೋತ್ತರ: ಐಸ್‌ಲೆಂಡಿನ ರಸ್ತೆಗಳಲ್ಲಿ ಮನೆಮಂದಿಯೆಲ್ಲ

ಉತ್ತರ ಅಟ್ಲಾಂಟಿಕ್ ಸಾಗರದ ಐಸ್‌ಲೆಂಡ್ ದ್ವೀಪಕ್ಕೆ ಕುಟುಂಬ ಸಮೇತ ಕಾರಿನಲ್ಲಿ ಪ್ರವಾಸ ಹೋಗುವ ಬಗ್ಗೆ ಓದುಗರಿಂದ ಹಲವು ಪತ್ರಗಳು ಬಂದಿವೆ. ಒಂದೇ ವಿಷಯಕ್ಕೆ ಸಂಬಂಧಿಸಿದವುಗಳನ್ನು ಆರಿಸಿ ಇಲ್ಲಿ ಉತ್ತರಿಸಲಾಗಿದೆ.

ಮಗ, ಸೊಸೆ ಇಂಗ್ಲೆಂಡಿನಲ್ಲಿದ್ದಾರೆ. ಜೂನ್ ತಿಂಗಳಿನಲ್ಲಿ ನಾವು ದಂಪತಿ ಅಲ್ಲಿಗೆ ಹೋಗುವವರಿದ್ದೇವೆ. ಒಂಬತ್ತು ಮತ್ತು ನಾಲ್ಕು ವರ್ಷದ ಮೊಮ್ಮಕ್ಕಳೂ ಸೇರಿ ಆರು ಜನ, ಬಾಡಿಗೆ ಕಾರಿನಲ್ಲಿ ಎಂಟು ದಿನಗಳಲ್ಲಿ ಐಸ್‌ಲೆಂಡನ್ನು ಒಂದು ಸುತ್ತು ಹಾಕುವುದು ಮಗನ ಯೋಜನೆ. ದಿನಕ್ಕೆ 170 ಕಿಲೋಮೀಟರ್ ಕೂಡ ಆಗುವುದಿಲ್ಲ ಎನ್ನುತ್ತಾನೆ. ನಮ್ಮ ಯಜಮಾನರಿಗೆ ಮಂಡಿನೋವು ಇದೆ. ಈ ಯೋಜನೆ ಸರಿಯೇ?
– ಓದುಗರೊಬ್ಬರು, ಮೈಸೂರು

ತಮ್ಮ ಮಗನ ಲೆಕ್ಕ ಅಂಕಿಗಳಲ್ಲಿ ಸರಿಯಾಗಿದೆ. ದ್ವೀಪವನ್ನು ಸುತ್ತುವರಿಯುವ ಒಂದನೇ ಸಂಖ್ಯೆಯ ವರ್ತುಲ ರಸ್ತೆಯ ಉದ್ದ ಸುಮಾರು 1,322 ಕಿಲೋಮೀಟರ್. ಆದರೆ ನೋಡಬೇಕಾದ ಜಾಗಗಳೆಲ್ಲ ಈ ರಸ್ತೆಯ ಅಂಚಿನಲ್ಲೇ ಇಲ್ಲ. ಥಿಂಗ್‌ವೆಟ್ಲಿರ್ ರಾಷ್ಟ್ರೀಯ ಉದ್ಯಾನ, ಬಿಸಿನೀರಿನ ಚಿಲುಮೆಗಳಿರುವ ಗೇಸಿರ್, ಗುಟ್ಲ್‌ಫಾಸ್ ಜಲಪಾತ, ಉತ್ತರದ ದೆತ್ತಿಫಾಸ್ ಜಲಪಾತ, ತಿಮಿಂಗಿಲ ನೋಡುವ ಹೂಸಾವಿಕ್, ಇವೆಲ್ಲವೂ ಒಳದಾರಿ ಹಿಡಿದು ಹೋಗಿ ಬರಬೇಕಾದವು. ಊರ ಹೊರಗೆ ಡಾಂಬರು ರಸ್ತೆಯಲ್ಲಿ ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್, ಜಲ್ಲಿ ರಸ್ತೆಯಲ್ಲಿ 80, ಊರೊಳಗೆ ಸಾಮಾನ್ಯವಾಗಿ 50. ನಾಲ್ಕು ವರ್ಷದ ಮಗುವನ್ನು ಪ್ರತಿ ತಂಗುದಾಣದಲ್ಲೂ ಸೀಟಿನಿಂದ ಇಳಿಸಿ, ಮೂರು ಪದರದ ಬಟ್ಟೆ ತೊಡಿಸಿ, ಹತ್ತು ನಿಮಿಷ ನಡೆಸಿ ಮತ್ತೆ ಕೂರಿಸುವಷ್ಟರಲ್ಲಿ ಒಂದು ಗಂಟೆ ಕಳೆದಿರುತ್ತದೆ. ಎಂಟು ದಿನಗಳಲ್ಲಿ ಬರುವ ದಿನ ಮತ್ತು ಹೊರಡುವ ದಿನವನ್ನು ಕಳೆದರೆ ಉಳಿಯುವುದು ಆರೇ ದಿನ.

ಇದಕ್ಕಿಂತ ಮುಖ್ಯವಾದ ಸಂಗತಿ ಗಾಳಿಯದು. ಐಸ್‌ಲೆಂಡಿನಲ್ಲಿ ಒಂದು ದಿನದ ಪ್ರಯಾಣವನ್ನು ನಿರ್ಧರಿಸುವುದು ದೂರವಲ್ಲ, ಹವಾಮಾನ. ಬೇಸಿಗೆಯಲ್ಲೂ ದಕ್ಷಿಣ ತೀರದ ಬಯಲುಗಳಲ್ಲಿ ಕಾರನ್ನು ಪಕ್ಕಕ್ಕೆ ತಳ್ಳುವಷ್ಟು ಬಿರುಗಾಳಿ ಬೀಸುವುದುಂಟು. ಅಲ್ಲಿನ ಹವಾಮಾನ ಇಲಾಖೆ ಹಳದಿ, ಕಿತ್ತಳೆ ಮತ್ತು ಕೆಂಪು ಬಣ್ಣಗಳಲ್ಲಿ ಮುನ್ನೆಚ್ಚರಿಕೆ ಕೊಡುತ್ತದೆ. ಕಿತ್ತಳೆ ಬಣ್ಣದ ಎಚ್ಚರಿಕೆ ಇರುವ ದಿನ ಮಕ್ಕಳನ್ನು ಕರೆದುಕೊಂಡು ರಸ್ತೆಗಿಳಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ದಿನಕ್ಕೊಂದು ಊರು ಎಂದು ಎಲ್ಲ ಕೋಣೆಗಳನ್ನೂ ಮೊದಲೇ ಕಾಯ್ದಿರಿಸಿದ ಕುಟುಂಬಕ್ಕೆ ಅಂಥ ದಿನ ಸುಮ್ಮನೆ ಕುಳಿತಿರುವ ಸ್ವಾತಂತ್ರ್ಯವೇ ಇರುವುದಿಲ್ಲ. ಮುಂದಿನ ರಾತ್ರಿಯ ಬಾಡಿಗೆ ವ್ಯರ್ಥವಾಗುತ್ತದೆ ಎಂಬ ಒಂದೇ ಕಾರಣಕ್ಕೆ ಹೊರಟುಬಿಡುತ್ತಾರೆ, ಅಪಾಯ ಶುರುವಾಗುವುದೇ ಅಲ್ಲಿಂದ.

ಜೂನ್ ತಿಂಗಳಿಗೆ ಇನ್ನೊಂದು ತೊಡಕಿದೆ. ತಿಂಗಳ ಮೂರನೆಯ ವಾರದಲ್ಲಿ ರಾಜಧಾನಿ ರೇಕ್ಯಾವಿಕ್‌ನಲ್ಲಿ ಸೂರ್ಯ ಮುಳುಗುವಾಗ ಮಧ್ಯರಾತ್ರಿ ದಾಟಿರುತ್ತದೆ, ಮೂರು ಗಂಟೆಯೊಳಗೆ ಮತ್ತೆ ಹುಟ್ಟುತ್ತಾನೆ, ನಡುವೆಯೂ ಕತ್ತಲಾಗುವುದಿಲ್ಲ. ಬೆಳಕಿರುವುದರಿಂದ ಇನ್ನೊಂದು ಜಾಗ ನೋಡಿಯೇಬಿಡೋಣ ಎನಿಸುತ್ತದೆ. ಕಾರು ಓಡಿಸುವವರ ದಣಿವು ಅವರಿಗೇ ಗೊತ್ತಾಗುವುದಿಲ್ಲ. ಸಂಜೆ ಆರರೊಳಗೆ ತಂಗುವ ಜಾಗ ತಲುಪಬೇಕೆಂದು ಮನೆಯವರೆಲ್ಲ ಸೇರಿ ಮೊದಲೇ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ಮಕ್ಕಳು ನಿದ್ದೆ ಮಾಡಲು ಕಣ್ಣುಪಟ್ಟಿಯೋ ಕಿಟಕಿಗೆ ಕಟ್ಟಲು ದಪ್ಪ ಬಟ್ಟೆಯೋ ಜೊತೆಯಲ್ಲಿರಲಿ.

ಆದ್ದರಿಂದ ನನ್ನ ಸಲಹೆ ಇಷ್ಟು: ಪೂರ್ತಿ ಸುತ್ತನ್ನು ಈ ಬಾರಿ ಕೈಬಿಟ್ಟು ದಕ್ಷಿಣ ಭಾಗವನ್ನಷ್ಟೇ ಇಟ್ಟುಕೊಳ್ಳಿ. ರೇಕ್ಯಾವಿಕ್‌ನಿಂದ ವೀಕ್ ಗ್ರಾಮಕ್ಕೆ ಸುಮಾರು 190 ಕಿಲೋಮೀಟರ್, ಅಲ್ಲಿಂದ ಯೋಕುಲ್‌ಸಾರ್ಲೋನ್ ಎಂಬ ಹಿಮನದಿಯ ಸರೋವರಕ್ಕೆ ಇನ್ನೂ ಅಷ್ಟೇ ದೂರ. ಸರೋವರದ ಆಸುಪಾಸಿನಲ್ಲೋ ಹತ್ತಿರದ ಹೋಫ್ನ್ ಎಂಬ ಬಂದರು ಊರಿನಲ್ಲೋ ತಂಗಿ, ಬಂದ ದಾರಿಯಲ್ಲೇ ಹಿಂದಿರುಗಿ. ಬಂದ ದಾರಿಯೇ ಎಂದು ಬೇಸರಪಡಬೇಕಾಗಿಲ್ಲ, ಹೋಗುವಾಗ ಮಂಜು ಮುಸುಕಿ ಕಾಣದ ಹಿಮನದಿ ಬರುವಾಗ ಕಣ್ಣೆದುರು ನಿಂತಿರಬಹುದು. ಒಂದೊಂದು ಊರಿನಲ್ಲಿ ಎರಡು ರಾತ್ರಿಯಾದರೂ ಉಳಿದರೆ ಗಾಳಿಯ ದಿನವನ್ನು ಒಳಗೇ ಕಳೆಯುವ ಅವಕಾಶವಿರುತ್ತದೆ. ಪೂರ್ತಿ ಸುತ್ತು ಹಾಕಲೇಬೇಕೆಂದರೆ, ನಿಮ್ಮಂಥ ಕುಟುಂಬಕ್ಕೆ ಹನ್ನೆರಡು ದಿನಗಳಿಗಿಂತ ಕಡಿಮೆ ಸಾಲದು.

ಮಂಡಿನೋವಿನ ವಿಚಾರಕ್ಕೆ ಬಂದರೆ, ದಕ್ಷಿಣ ಭಾಗ ಈ ದೃಷ್ಟಿಯಿಂದಲೂ ಅನುಕೂಲ. 60 ಮೀಟರ್ ಎತ್ತರದಿಂದ ಬೀಳುವ ಸ್ಕೋಗಾಫಾಸ್ ಜಲಪಾತದ ಬುಡದವರೆಗೆ ಸಮತಟ್ಟಾದ ನೆಲದಲ್ಲಿ ನಡೆದು ಹೋಗಬಹುದು. ನಮ್ಮ ಜೋಗದ ಎತ್ತರದ ಕಾಲು ಭಾಗವೂ ಇಲ್ಲದ ಜಲಪಾತವಿದು. ಆದರೆ ಜೋಗವನ್ನು ನಾವು ಸಾಮಾನ್ಯವಾಗಿ ಎದುರಿನ ದಂಡೆಯಿಂದ ನೋಡುತ್ತೇವೆ, ಇಲ್ಲಿ ನೀರು ಬೀಳುವ ಜಾಗದಲ್ಲೇ ನಿಂತು ಮೈ ನೆನೆಸಿಕೊಳ್ಳಬಹುದು. ಪಕ್ಕದ ಮೆಟ್ಟಿಲುಗಳನ್ನು ಹತ್ತಲು ಯಜಮಾನರು ಹೋಗುವುದು ಬೇಡ, ಅವು ಐನೂರಕ್ಕೂ ಹೆಚ್ಚಿವೆ. ಸೆಲ್ಯಾಲಾಂಡ್ಸ್‌ಫಾಸ್ ಎಂಬ ಇನ್ನೊಂದು ಜಲಪಾತದಲ್ಲಿ ನೀರಿನ ಪರದೆಯ ಹಿಂದೆ ಹಾದುಹೋಗುವ ದಾರಿ ಯಾವಾಗಲೂ ಒದ್ದೆ, ಕಲ್ಲುಗಳು ಜಾರುತ್ತವೆ. ಅಲ್ಲಿಗೆ ದೊಡ್ಡ ಮೊಮ್ಮಗು ತಂದೆಯ ಕೈಹಿಡಿದು ಹೋಗಿ ಬರಲಿ. ಸ್ಟ್ರೋಕುರ್ ಎಂಬ ಬಿಸಿನೀರಿನ ಚಿಲುಮೆ ಐದರಿಂದ ಹತ್ತು ನಿಮಿಷಕ್ಕೊಮ್ಮೆ ಚಿಮ್ಮುತ್ತದೆ, ನಡಿಗೆ ಅತಿ ಕಡಿಮೆ. ಸರೋವರದ ನೀಲಿ ಮಂಜುಗಡ್ಡೆಗಳಂತೂ ವಾಹನ ನಿಲ್ಲಿಸಿದ ಜಾಗದಿಂದಲೇ ಕಾಣುತ್ತವೆ.

ಭಾರತದ ಚಾಲನಾ ಪರವಾನಗಿಯಲ್ಲಿ ಅಲ್ಲಿ ಕಾರು ಓಡಿಸಬಹುದೇ? ರಸ್ತೆಯ ಬಲಬದಿಯಲ್ಲಿ ಓಡಿಸಿ ಅಭ್ಯಾಸವಿಲ್ಲ. ಬಾಡಿಗೆ ಕಾರಿನ ವಿಮೆಯಲ್ಲಿ ನಾಲ್ಕೈದು ಬಗೆ ಹೇಳುತ್ತಾರೆ, ಎಲ್ಲವೂ ಬೇಕೇ?
– ಓದುಗರೊಬ್ಬರು, ಬೆಂಗಳೂರು

ನಮ್ಮ ಪರವಾನಗಿ ಪತ್ರದಲ್ಲಿ ವಿವರಗಳು ಇಂಗ್ಲಿಷ್‌ನಲ್ಲಿಯೂ ಇರುವುದರಿಂದ ಬಾಡಿಗೆ ಸಂಸ್ಥೆಗಳು ಸಾಮಾನ್ಯವಾಗಿ ಒಪ್ಪುತ್ತವೆ. ಆದರೂ ನಿಮ್ಮ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು ಹೋಗಿ, ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ಹಣ ಕಟ್ಟಲು ಕಾರು ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕಾಗುತ್ತದೆ. ಆ ಕಾರ್ಡಿನ ನಾಲ್ಕಂಕಿಯ ಪಿನ್ ಸಂಖ್ಯೆ ನೆನಪಿರಲಿ, ಏಕೆಂದರೆ ಊರಾಚೆಯ ಪೆಟ್ರೋಲ್ ಬಂಕ್‌ಗಳಲ್ಲಿ ಎಷ್ಟೋ ಕಡೆ ಸಿಬ್ಬಂದಿ ಇರುವುದಿಲ್ಲ. ಯಂತ್ರಕ್ಕೆ ಕಾರ್ಡ್ ಹಾಕಿ, ಪಿನ್ ಒತ್ತಿ, ನಾವೇ ತುಂಬಿಸಿಕೊಳ್ಳಬೇಕು. ಟ್ಯಾಂಕ್ ಅರ್ಧಕ್ಕೆ ಇಳಿದ ಕೂಡಲೇ ತುಂಬಿಸುವುದು ಅಲ್ಲಿ ರೂಢಿಸಿಕೊಳ್ಳಬೇಕಾದ ಅಭ್ಯಾಸ.

ಬಲಬದಿಯ ಚಾಲನೆ ಅರ್ಧ ದಿನದಲ್ಲಿ ಕೈಗೆ ಹತ್ತುತ್ತದೆ, ಗೇರು ತಾನೇ ಬದಲಾಗುವ ಆಟೊಮ್ಯಾಟಿಕ್ ಕಾರನ್ನು ಆರಿಸಿಕೊಂಡರೆ ಇನ್ನೂ ಸಲೀಸು. ಹೆಚ್ಚು ಎಚ್ಚರ ಬೇಕಾಗಿರುವುದು ಅಲ್ಲಿಗೇ ವಿಶಿಷ್ಟವಾದ ಕೆಲವು ಸಂಗತಿಗಳಲ್ಲಿ. ಎರಡು ಪಥದ ವೃತ್ತದೊಳಗೆ ಒಳಪಥದಲ್ಲಿರುವ ವಾಹನಕ್ಕೆ ಹೊರಹೋಗುವಾಗ ಆದ್ಯತೆ, ಹೊರಪಥದವರು ತಡೆದು ಬಿಡಬೇಕು. ಹಗಲಿನಲ್ಲೂ ದೀಪ ಹಚ್ಚಿರಬೇಕು. ವರ್ತುಲ ರಸ್ತೆಯಲ್ಲೇ ಒಂದೇ ವಾಹನ ಹಾಯುವಷ್ಟು ಕಿರಿದಾದ ಸೇತುವೆಗಳಿವೆ. ಮೊದಲು ರಸ್ತೆ ಕಿರಿದಾಗುವುದನ್ನು ತೋರಿಸುವ ಹಳದಿ ಫಲಕ ಬರುತ್ತದೆ, ಕೆಲವೆಡೆ ಮಿನುಗುವ ದೀಪವೂ ಇರುತ್ತದೆ. ಫಲಕ ಕಂಡೊಡನೆ ವೇಗ ಇಳಿಸಿ ಆಚೆ ದಡವನ್ನು ನೋಡಬೇಕು. ಸೇತುವೆಗೆ ಹತ್ತಿರವಿರುವ ವಾಹನ ಮೊದಲು ದಾಟುವುದು ವಾಡಿಕೆ. ಆದರೂ ಎದುರಿನವರು ನಿಲ್ಲುತ್ತಿದ್ದಾರೆ ಎಂದು ಖಾತ್ರಿಯಾಗದೆ ಮುಂದುವರಿಯಬಾರದು. ಎದುರಿನ ಕಾರಿನಲ್ಲಿರುವವರೂ ನಿಮ್ಮಂತೆಯೇ ಹೊಸಬರಾಗಿರುವ ಸಂಭವವೇ ಹೆಚ್ಚು. ಬೇಸಿಗೆಯಲ್ಲಿ ಕುರಿಗಳನ್ನು ಬಯಲಿಗೆ ಬಿಟ್ಟಿರುತ್ತಾರೆ. ತಾಯಿ ರಸ್ತೆಯ ಒಂದು ಬದಿಯಲ್ಲೂ ಮರಿ ಇನ್ನೊಂದು ಬದಿಯಲ್ಲೂ ಕಂಡರೆ, ಮರಿ ಓಡಿ ಬಂದೇ ಬರುತ್ತದೆ ಎಂದುಕೊಂಡು ನಿಧಾನಿಸಬೇಕು.

ಚೆಂದದ ನೋಟ ಕಂಡಲ್ಲೆಲ್ಲ ರಸ್ತೆಯ ಮೇಲೇ ಕಾರು ನಿಲ್ಲಿಸುವುದು ಅಲ್ಲಿ ನಡೆಯುವ ಅತ್ಯಂತ ಕೆಟ್ಟ ಪ್ರಮಾದಗಳಲ್ಲಿ ಒಂದು. ರಸ್ತೆಗೆ ಅಂಚೇ ಇಲ್ಲದಿರುವುದರಿಂದ ಹಿಂದಿನಿಂದ ಬರುವವರಿಗೆ ದಾರಿಯಿರುವುದಿಲ್ಲ. ನಾಲ್ಕು ಮೂಲೆಗಳಲ್ಲಿ ಕುಣಿಕೆಯಿರುವ ಚೌಕದ ಚಿಹ್ನೆ ಹೊತ್ತ ಫಲಕ ಪ್ರೇಕ್ಷಣೀಯ ಜಾಗವನ್ನು ಸೂಚಿಸುತ್ತದೆ, ಅಂಥಲ್ಲಿ ನಿಲ್ಲಲು ವ್ಯವಸ್ಥೆಯಿರುತ್ತದೆ.

ವಿಮೆಯಲ್ಲಿ ಮೂಲ ವಿಮೆಯ ಜೊತೆ ಜಲ್ಲಿಕಲ್ಲು ಸಿಡಿದು ಆಗುವ ಹಾನಿಯ ವಿಮೆಯನ್ನು ತಪ್ಪದೆ ಮಾಡಿಸಿ. ದಕ್ಷಿಣ ತೀರದ ಕಡೆ ಹೋಗುವವರಿಗೆ ಮರಳು ಮತ್ತು ಜ್ವಾಲಾಮುಖಿ ಬೂದಿಯ ವಿಮೆಯೂ ಬೇಕು, ಅಲ್ಲಿನ ಕಪ್ಪು ಮರಳು ಗಾಳಿಗೆ ಎದ್ದರೆ ಕಾರಿನ ಬಣ್ಣವನ್ನೇ ಉಜ್ಜಿ ತೆಗೆಯಬಲ್ಲದು. ಇನ್ನು ಯಾವ ವಿಮೆಯೂ ಸಾಮಾನ್ಯವಾಗಿ ಕಟ್ಟಿಕೊಡದ ಹಾನಿ ಎರಡು. ಒಂದು, ಹೊಳೆ ದಾಟುವಾಗ ಇಂಜಿನ್ನಿಗೆ ನೀರು ನುಗ್ಗುವುದು. ಎರಡನೆಯದು, ಗಾಳಿಗೆ ಬಾಗಿಲು ಮುರಿಯುವುದು. ಕಾರನ್ನು ಗಾಳಿಗೆ ಎದುರಾಗಿ ನಿಲ್ಲಿಸಿ, ಬಾಗಿಲನ್ನು ಎರಡೂ ಕೈಗಳಿಂದ ಹಿಡಿದು, ಸ್ವಲ್ಪ ಸ್ವಲ್ಪವೇ ತೆರೆಯಬೇಕು. ಮಕ್ಕಳು ಬಾಗಿಲ ಹಿಡಿಗೆ ಕೈ ಹಾಕಬಾರದು, ದೊಡ್ಡವರು ಇಳಿದು ಹೊರಗಿನಿಂದ ತೆರೆಯುವವರೆಗೆ ಕಾಯಬೇಕು ಎಂಬ ನಿಯಮವನ್ನು ಮೊದಲ ದಿನವೇ ಹೇಳಿಬಿಡಿ. ಹಿಂದಿನ ಬಾಗಿಲುಗಳಿಗೆ ಮಕ್ಕಳ ಬೀಗ ಹಾಕಿದರೆ ಇನ್ನೂ ನೆಮ್ಮದಿ. 135 ಸೆಂಟಿಮೀಟರಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಪ್ರತ್ಯೇಕ ಸೀಟು ಅಥವಾ ಬೂಸ್ಟರ್ ಕಡ್ಡಾಯವಾದ್ದರಿಂದ, ಕಾರು ಕಾಯ್ದಿರಿಸುವಾಗಲೇ ಅದನ್ನೂ ಕೇಳಿಕೊಳ್ಳಬೇಕು.

ಒಳನಾಡಿನ ಬೆಟ್ಟದ ರಸ್ತೆಗಳಲ್ಲಿ ಜನಸಂದಣಿ ಇಲ್ಲ, ಅಲ್ಲಿಗೇ ಹೋಗಬೇಕೆಂದು ಗೆಳೆಯರು ಹೇಳುತ್ತಾರೆ. ಜೀಪು ಪಡೆದರೆ ಸಾಕೇ?
– ಓದುಗರೊಬ್ಬರು, ಹುಬ್ಬಳ್ಳಿ

ಎಫ್ ಅಕ್ಷರದಿಂದ ಶುರುವಾಗುವ ಸಂಖ್ಯೆಯ ಈ ರಸ್ತೆಗಳಿಗೆ ನಾಲ್ಕೂ ಚಕ್ರಗಳಿಗೆ ಚಾಲನೆಯಿರುವ ವಾಹನ ಕಡ್ಡಾಯ. ಹಿಮ ಕರಗಿ ಇವು ತೆರೆಯುವ ಹೊತ್ತಿಗೆ ಸಾಮಾನ್ಯವಾಗಿ ಜೂನ್ ಕೊನೆ, ಕೆಲವೊಮ್ಮೆ ಜುಲೈ ಆಗುತ್ತದೆ. ಹಲವೆಡೆ ಸೇತುವೆಯೇ ಇಲ್ಲ, ಹಿಮನದಿಯಿಂದ ಇಳಿಯುವ ಹೊಳೆಗಳನ್ನು ನೀರಿನಲ್ಲೇ ಹಾಯಬೇಕು. ಬೆಳಿಗ್ಗೆ ಮೊಣಕಾಲಿನಷ್ಟಿದ್ದ ನೀರು ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿ ಏರಿರುತ್ತದೆ. ಅನುಭವವಿಲ್ಲದವರು ಮಕ್ಕಳನ್ನು ಕೂರಿಸಿಕೊಂಡು ಹೋಗುವುದು ಬೇಡವೇ ಬೇಡ. ಒಳನಾಡನ್ನು ನೋಡಲೇಬೇಕೆಂದರೆ ಲಾಂಡ್‌ಮನ್ನಾಲೌಗರ್ ಎಂಬ ಬೆಟ್ಟಪ್ರದೇಶಕ್ಕೆ ಬೇಸಿಗೆಯಲ್ಲಿ ಎತ್ತರದ ಬಸ್ಸುಗಳು ಓಡುತ್ತವೆ, ಅದರಲ್ಲಿ ಹೋಗಿ ಬನ್ನಿ.

ಇದರ ಜೊತೆ ಇನ್ನೊಂದು ಮಾತನ್ನು ಸೇರಿಸಲೇಬೇಕು. ರಸ್ತೆ ಬಿಟ್ಟು ಬಯಲಿನಲ್ಲಿ ವಾಹನ ಓಡಿಸುವುದು ಐಸ್‌ಲೆಂಡಿನಲ್ಲಿ ಕಾನೂನಿಗೆ ವಿರುದ್ಧ, ದಂಡವೂ ಭಾರಿ. ಆದರೆ ದಂಡದ ಭಯಕ್ಕಿಂತ ಕಾರಣ ತಿಳಿದು ನಡೆದುಕೊಳ್ಳುವುದು ಮೇಲು. ವೀಕ್ ದಾಟಿ ಪೂರ್ವಕ್ಕೆ ಹೋಗುವಾಗ ದಾರಿಯ ಎರಡೂ ಬದಿ ಕಿಲೋಮೀಟರುಗಟ್ಟಲೆ ಉಬ್ಬುತಗ್ಗಾದ, ಬೂದುಹಸಿರು ಪಾಚಿ ಹೊದ್ದ ಕಲ್ಲುಬಯಲು ಕಾಣುತ್ತದೆ. ಅದು 1783ರ ಜೂನ್‌ನಲ್ಲಿ ಲಾಕಿ ಎಂಬಲ್ಲಿ ನೆಲ ಬಿರಿದು ಎಂಟು ತಿಂಗಳು ಹರಿದ ಲಾವಾ. ಅದರ ವಿಷಾನಿಲದಿಂದ ಹುಲ್ಲು ಕೆಟ್ಟು, ಜಾನುವಾರು ಸತ್ತು, ಬಂದ ಬರಗಾಲದಲ್ಲಿ ದೇಶದ ಜನರಲ್ಲಿ ಐದರಲ್ಲೊಂದು ಪಾಲಿನಷ್ಟು ಮಂದಿ ತೀರಿಹೋದರು. ಆ ಕಲ್ಲಿನ ಮೇಲೆ ಎರಡು ಶತಮಾನಗಳಿಗೂ ಹೆಚ್ಚು ಕಾಲ ಬೆಳೆದಿರುವುದು ಈ ಪಾಚಿ. ಒಮ್ಮೆ ಕಿತ್ತುಹೋದರೆ ಮತ್ತೆ ಹಬ್ಬಲು ದಶಕಗಳೇ ಬೇಕು. ಮಕ್ಕಳು ಅದರ ಮೇಲೆ ಹಾರಿ ಕುಣಿಯದಂತೆ ನೋಡಿಕೊಳ್ಳುವುದು ತಂದೆತಾಯಿಯರ ಹೊಣೆ.

ಐಸ್‌ಲೆಂಡಿನ ದಕ್ಷಿಣದ ಸ್ಕಾಫ್ಟಾಫೆಲ್ ಬಳಿ ರಸ್ತೆಯ ಪಕ್ಕ ತಿರುಚಿಹೋದ ದೊಡ್ಡ ಕಬ್ಬಿಣದ ತೊಲೆಗಳ ಚಿತ್ರ ನೋಡಿದೆ. ಅದು ಏನು?
– ವಿದ್ಯಾರ್ಥಿನಿ, ಶಿವಮೊಗ್ಗ

ಒಳ್ಳೆಯ ಪ್ರಶ್ನೆ. ಈ ದ್ವೀಪದಲ್ಲಿ ರಸ್ತೆ ಕಟ್ಟುವುದೆಂದರೆ ಏನೆಂಬುದನ್ನು ಆ ತೊಲೆಗಳಷ್ಟು ಸ್ಪಷ್ಟವಾಗಿ ಬೇರಾವುದೂ ಹೇಳಲಾರದು. ವಾತ್ನಾಯೋಕುಲ್ ಎಂಬ ಹಿಮರಾಶಿ ಐಸ್‌ಲೆಂಡಿನ ನೆಲದ ಸುಮಾರು ಎಂಟು ಶೇಕಡ ಭಾಗವನ್ನು ಮುಚ್ಚಿದೆ, ಅದರ ಅಡಿಯಲ್ಲಿ ಜೀವಂತ ಜ್ವಾಲಾಮುಖಿಗಳಿವೆ. ಹಿಮದಡಿಯಲ್ಲಿ ಬೆಂಕಿ ಎದ್ದಾಗ ಕರಗಿದ ನೀರು ಒಳಗೇ ಸೇರಿಕೊಂಡು, ಕೊನೆಗೆ ಹಿಮವನ್ನೇ ಎತ್ತಿ ಹೊರನುಗ್ಗುತ್ತದೆ. ಇಂಥ ಪ್ರವಾಹಗಳು ಹರಡಿದ ಮರಳುಬಯಲು ಎಷ್ಟು ವಿಶಾಲವಾಗಿತ್ತೆಂದರೆ, ದ್ವೀಪದ ಸುತ್ತ ರಸ್ತೆ ಹಾಕುವಾಗ ಕೊನೆಯವರೆಗೂ ಉಳಿದುಕೊಂಡ ತುಂಡು ಇದೇ. 1974ರಲ್ಲಿ ಸ್ಕೇದಾರಾ ನದಿಯ ಮೇಲೆ ಸೇತುವೆ ಮುಗಿದಾಗ ಮಾತ್ರ ವರ್ತುಲ ಪೂರ್ತಿಯಾಯಿತು. ಅಲ್ಲಿಯವರೆಗೆ ಹೋಫ್ನ್ ಕಡೆಯವರು ಕಾರಿನಲ್ಲಿ ರೇಕ್ಯಾವಿಕ್‌ಗೆ ಬರಬೇಕಾದರೆ ಉತ್ತರದಿಂದ ಬಳಸಿ ಬರಬೇಕಿತ್ತು.

1996ರ ಸೆಪ್ಟೆಂಬರ್ ಕೊನೆಗೆ ಹಿಮದಡಿ ಸ್ಫೋಟ ಶುರುವಾಯಿತು. ಕರಗಿದ ನೀರೆಲ್ಲ ಗ್ರಿಮ್ಸ್‌ವೋತ್ನ್ ಎಂಬ ಹಿಮದಡಿಯ ಸರೋವರದಲ್ಲಿ ತುಂಬತೊಡಗಿದಾಗ, ಪ್ರವಾಹ ಬರುವುದು ಖಚಿತವೆಂದು ವಿಜ್ಞಾನಿಗಳಿಗೆ ಗೊತ್ತಿತ್ತು. ನವೆಂಬರ್ 5ರಂದು ಅದು ಒಡೆಯಿತು. ಮನೆಗಾತ್ರದ ಮಂಜುಗಡ್ಡೆಗಳನ್ನು ಹೊತ್ತ ನೀರು ಪಶ್ಚಿಮದ ಇನ್ನೊಂದು ನದಿಯ ಸೇತುವೆಯನ್ನು ಪೂರ್ತಿ ಕೊಚ್ಚಿಕೊಂಡು ಹೋಯಿತು, ಸ್ಕೇದಾರಾ ಸೇತುವೆಯ ಒಂದು ಭಾಗವನ್ನೂ ಮುರಿಯಿತು. ಎಚ್ಚರಿಕೆ ಮೊದಲೇ ಇದ್ದುದರಿಂದ ಒಂದು ಜೀವವೂ ಹೋಗಲಿಲ್ಲ, ಕೆಲವೇ ವಾರಗಳಲ್ಲಿ ತಾತ್ಕಾಲಿಕ ದಾರಿಯೂ ಸಿದ್ಧವಾಯಿತು. ನೀವು ಚಿತ್ರದಲ್ಲಿ ನೋಡಿದ್ದು ಆಗ ಮುರಿದ ಸೇತುವೆಯ ತೊಲೆಗಳು. ಹತ್ತಿರ ಹೋಗಿ ನಿಂತರೆ, ಅಷ್ಟು ದಪ್ಪದ ಉಕ್ಕು ನಡುವೆ ಬಾಗಿ ತಿರುಚಿಕೊಂಡಿರುವುದೂ ಬೋಲ್ಟು ಕೂರಿಸಿದ ತೂತುಗಳು ಸೀಳಿ ಉದ್ದವಾಗಿರುವುದೂ ಕಾಣುತ್ತದೆ.

ಇದರ ಮುಂದಿನ ಕಥೆಯೂ ಗಮನಿಸತಕ್ಕದ್ದು. ಹಿಮನದಿ ವರ್ಷವರ್ಷವೂ ಹಿಂದೆ ಸರಿಯುತ್ತಿರುವುದರಿಂದ 2009ರಲ್ಲಿ ಸ್ಕೇದಾರಾ ನದಿ ತನ್ನ ಪಾತ್ರವನ್ನೇ ಬಿಟ್ಟು ಪಶ್ಚಿಮದ ಇನ್ನೊಂದು ನದಿಗೆ ಸೇರಿಕೊಂಡಿತು. ಒಂದು ಕಾಲಕ್ಕೆ ದೇಶದಲ್ಲೇ ಅತಿ ಉದ್ದವಾಗಿದ್ದ ಸ್ಕೇದಾರಾ ಸೇತುವೆ ಹೆಚ್ಚುಕಡಿಮೆ ಬರೀ ಮರಳಿನ ಮೇಲೆ ನಿಂತುಬಿಟ್ಟಿತು, 2017ರಲ್ಲಿ ಪಕ್ಕದಲ್ಲಿ ಚಿಕ್ಕ ಸೇತುವೆ ಕಟ್ಟಿ ಇದನ್ನು ಬಳಕೆಯಿಂದ ತೆಗೆದರು. ಪ್ರವಾಹ ಮುರಿದ ಸೇತುವೆಯ ತೊಲೆಗಳನ್ನು ನೋಡಲು ನಿಲ್ಲುವವರು ನದಿಯೇ ಬಿಟ್ಟುಹೋದ ಈ ಸೇತುವೆಯನ್ನೂ ನೋಡಬೇಕು. ಭೂಮಿ ಬಿಸಿಯಾಗುತ್ತಿರುವುದರ ಪರಿಣಾಮ ಇಷ್ಟು ನೇರವಾಗಿ ಕಣ್ಣಿಗೆ ಬೀಳುವ ಜಾಗಗಳು ಕಡಿಮೆ.

ಕಪ್ಪು ಮರಳಿನ ಸಮುದ್ರತೀರಕ್ಕೆ ಚಿಕ್ಕ ಮಕ್ಕಳನ್ನು ಕರೆದೊಯ್ಯಬಹುದೇ?
– ಓದುಗರೊಬ್ಬರು, ಉಡುಪಿ

ವೀಕ್ ಬಳಿಯ ರೇನಿಸ್‌ಫ್ಯಾರಾ ತೀರವನ್ನು ಕುರಿತು ಕೇಳಿದ್ದೀರಿ ಎಂದುಕೊಂಡಿದ್ದೇನೆ. ಕರಾವಳಿಯಲ್ಲಿ ಬೆಳೆದವರಿಗೆ ಅಲೆಯ ಅಂದಾಜು ಗೊತ್ತಿರುತ್ತದೆ, ಇಲ್ಲಿ ಅದೇ ಅಂದಾಜು ಮೋಸ ಮಾಡುತ್ತದೆ. ತೆರೆದ ಅಟ್ಲಾಂಟಿಕ್‌ನಿಂದ ಬರುವ ಅಲೆಗಳ ಎದುರಿಗೆ ತಡೆಯೇ ಇಲ್ಲ, ತೀರದ ಅಡಿಯ ನೆಲವೂ ಥಟ್ಟನೆ ಆಳವಾಗುತ್ತದೆ. ಹಲವು ಸಣ್ಣ ಅಲೆಗಳ ಬೆನ್ನಿಗೆ ಇದ್ದಕ್ಕಿದ್ದಂತೆ ಒಂದು ಅಲೆ ಬಹಳ ಮೇಲಕ್ಕೆ ನುಗ್ಗಿ, ನಿಂತವರನ್ನು ಕೆಡವಿ ಎಳೆದೊಯ್ಯುತ್ತದೆ. ಪ್ರವಾಸಿಗರು ಪ್ರಾಣ ಕಳೆದುಕೊಂಡಿದ್ದಾರೆ. ಪ್ರವೇಶದಲ್ಲಿ ಎಚ್ಚರಿಕೆಯ ದೀಪಗಳಿವೆ, ಕೆಂಪು ಉರಿಯುತ್ತಿದ್ದರೆ ಕೆಳಗಿಳಿಯಲೇಬಾರದು. ಉಳಿದ ಹೊತ್ತಿನಲ್ಲೂ ಮಕ್ಕಳ ಕೈ ಬಿಡಬಾರದು, ಸಮುದ್ರಕ್ಕೆ ಬೆನ್ನು ತಿರುಗಿಸಬಾರದು, ಒದ್ದೆ ಮರಳಿನ ಮೇಲೆ ಕಾಲಿಡಬಾರದು. ಚಿಕ್ಕ ಮಕ್ಕಳಿದ್ದರೆ ಪಕ್ಕದ ದಿರ್‌ಹೋಲಾಯ್ ಗುಡ್ಡದ ಮೇಲಿಂದ ಅದೇ ತೀರವನ್ನು ನೋಡುವುದು ಮೇಲು. ಬೇಸಿಗೆಯಲ್ಲಿ ಅಲ್ಲಿ ಬಣ್ಣದ ಕೊಕ್ಕಿನ ಪಫಿನ್ ಹಕ್ಕಿಗಳೂ ಕಾಣಸಿಗುತ್ತವೆ. ಮರಿ ಮಾಡುವ ಕಾಲದಲ್ಲಿ ಗುಡ್ಡದ ಕೆಲ ಭಾಗಕ್ಕೆ ಪ್ರವೇಶ ನಿರ್ಬಂಧಿಸುವುದುಂಟು.

ನಾವು ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡುವುದು?
– ಓದುಗರೊಬ್ಬರು, ದಾವಣಗೆರೆ

ಅಡುಗೆಮನೆಯಿರುವ ವಸತಿಯನ್ನೇ ಹಿಡಿಯಿರಿ, ಅರ್ಧ ಚಿಂತೆ ಅಲ್ಲಿಗೆ ಮುಗಿಯುತ್ತದೆ. ಬೋನಸ್, ಕ್ರೋನನ್ ಎಂಬ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ತರಕಾರಿ, ಮೊಸರು ಸಿಗುತ್ತವೆ. ಬಿಸಿನೀರಿನ ಬುಗ್ಗೆಗಳ ಶಾಖದಿಂದ ಗಾಜಿನ ಮನೆಗಳಲ್ಲಿ ಬೆಳೆದ ಟೊಮೆಟೊ, ಸೌತೆಕಾಯಿ ಬಹಳ ರುಚಿ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿದ ರವೆ, ಅವಲಕ್ಕಿ ಮನೆಯಿಂದ ಒಯ್ದರೆ ಬೆಳಗಿನ ತಿಂಡಿಗೂ ದಾರಿಯ ಬುತ್ತಿಗೂ ಆಗುತ್ತದೆ. ಹೋಟೆಲ್ ಊಟ ತೀರಾ ದುಬಾರಿ. ನಲ್ಲಿಯ ತಣ್ಣೀರು ಶುದ್ಧವಾದದ್ದು, ಬಾಟಲಿ ನೀರು ಕೊಳ್ಳುವ ಅಗತ್ಯವಿಲ್ಲ. ಬಿಸಿನೀರಿನ ನಲ್ಲಿಯಲ್ಲಿ ಗಂಧಕದ ವಾಸನೆ ಬಂದರೆ ಗಾಬರಿಯಾಗಬೇಡಿ, ಅದು ನೆಲದೊಳಗಿನಿಂದ ಬಂದ ನೀರು, ಸ್ನಾನಕ್ಕೆ ಮಾತ್ರ ಬಳಸಿ.

ನಾನು ಲಂಡನ್ನಿನಲ್ಲಿ ಕೆಲಸದಲ್ಲಿದ್ದೇನೆ, ಪಾಸ್‌ಪೋರ್ಟ್ ಭಾರತದ್ದು. ಊರಿನಿಂದ ಬರುವ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಬೇಕು. ಬೇರೆ ವೀಸಾ ಬೇಕೇ? ಮಳೆ, ಚಳಿಗೆ ಅವರಿಗೆ ಏನು ತೊಡಿಸಲಿ?
– ಓದುಗರೊಬ್ಬರು, ಲಂಡನ್

ಬೇಕು. ಐಸ್‌ಲೆಂಡ್ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ವಲಯದಲ್ಲಿದೆ, ಬ್ರಿಟನ್ ಇಲ್ಲ. ಬ್ರಿಟನ್ನಿನ ವಾಸದ ಪರವಾನಗಿಯಾಗಲಿ ಪ್ರವಾಸಿ ವೀಸಾ ಆಗಲಿ ಅಲ್ಲಿಗೆ ಸಾಲದು. ನೀವು ವಾಸವಿರುವ ಬ್ರಿಟನ್ನಿನಿಂದ ಅರ್ಜಿ ಹಾಕಿ, ತಂದೆತಾಯಿಯರು ಭಾರತದಿಂದ ಹೊರಡುವ ಮೊದಲೇ ಹಾಕಲಿ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಸ್ವೀಕರಿಸುತ್ತಾರೆ. ಕನಿಷ್ಠ 30,000 ಯೂರೋ ವೆಚ್ಚ ಭರಿಸುವ ವೈದ್ಯಕೀಯ ವಿಮೆ ಕಡ್ಡಾಯ. ಅವರ ಬ್ರಿಟನ್ ವೀಸಾ ಮರಳಿ ಒಳಬರಲು ಅವಕಾಶ ಕೊಡುತ್ತದೆಯೇ ಎಂಬುದನ್ನೂ ಒಮ್ಮೆ ಓದಿ ನೋಡಿ.

ಕೊಡೆ ಒಯ್ಯುವುದು ಬೇಡ, ಗಾಳಿಗೆ ಕ್ಷಣವೂ ನಿಲ್ಲುವುದಿಲ್ಲ. ಮೈಗೆ ಅಂಟುವ ಉಣ್ಣೆಯ ಒಳಬಟ್ಟೆ, ಅದರ ಮೇಲೆ ಸ್ವೆಟರ್, ಎಲ್ಲಕ್ಕಿಂತ ಮೇಲೆ ನೀರೂ ಗಾಳಿಯೂ ತೂರದ ಟೊಪ್ಪಿಯಿರುವ ಕೋಟು, ಅದೇ ಬಗೆಯ ಪ್ಯಾಂಟು ಬೇಕು. ಅಮ್ಮ ಸೀರೆಯನ್ನೇ ಉಡುವವರಾದರೆ ಈ ಕೆಲವು ದಿನ ಪ್ಯಾಂಟು ತೊಡುವಂತೆ ಮೊದಲೇ ಒಪ್ಪಿಸಿ, ಮನೆಯಲ್ಲೇ ಒಮ್ಮೆ ತೊಟ್ಟು ಓಡಾಡಿ ರೂಢಿಯಾಗಲಿ. ಜುಲೈ ತಿಂಗಳಿನಲ್ಲೂ ರೇಕ್ಯಾವಿಕ್‌ನ ಸರಾಸರಿ ಉಷ್ಣಾಂಶ ಹನ್ನೆರಡು ಡಿಗ್ರಿಯ ಆಸುಪಾಸು. ಸಂಜೆ ದಣಿದಾಗ ಊರೂರಿನಲ್ಲೂ ಇರುವ ಬಿಸಿನೀರಿನ ಸಾರ್ವಜನಿಕ ಈಜುಕೊಳಗಳಿಗೆ ಎಲ್ಲರೂ ಹೋಗಿ ಬನ್ನಿ, ಅಪ್ಪ ಅಮ್ಮನ ಕಾಲುನೋವಿಗೆ ಅದಕ್ಕಿಂತ ಹಿತವಾದದ್ದಿಲ್ಲ. ಕೊಳಕ್ಕಿಳಿಯುವ ಮೊದಲು ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕವಾಗಿರುವ ಕೋಣೆಗಳಲ್ಲಿ ಬಟ್ಟೆಯಿಲ್ಲದೆ ಸೋಪು ಹಚ್ಚಿ ಸ್ನಾನ ಮಾಡುವುದು ಅಲ್ಲಿನ ಕಟ್ಟುನಿಟ್ಟಾದ ನಿಯಮ. ಹಿರಿಯರಿಗೆ ಇದನ್ನು ಮುಂಚಿತವಾಗಿ ತಿಳಿಸಿದ್ದರೆ ಅಲ್ಲಿ ಮುಜುಗರವಾಗುವುದಿಲ್ಲ. ಪ್ರತಿದಿನ ಹೊರಡುವ ಮುನ್ನ ಹವಾಮಾನ ಇಲಾಖೆಯ ಮತ್ತು ರಸ್ತೆ ಇಲಾಖೆಯ ಜಾಲತಾಣಗಳನ್ನು ನೋಡಿ. ತುರ್ತು ಸಹಾಯದ ಸಂಖ್ಯೆ 112, ಅದರ ಆ್ಯಪ್‌ ಅನ್ನು ಫೋನಿಗೆ ಹಾಕಿಕೊಂಡು ಅದರ ಮೂಲಕವೇ ಸಹಾಯ ಕೇಳಿದರೆ ನೀವಿರುವ ಜಾಗವೂ ತಿಳಿಯುತ್ತದೆ.